ಮೂಳೆ-ನರಗಳ ಪರೀಕ್ಷೆ: ಕೈರೋಪ್ರಾಕ್ಟಿಕ್ ಟೇಬಲ್ ಮೇಲೆ ಯಾವುದು ಮೊದಲು, ಯಾವುದು ಆಮೇಲೆ

ಪರೀಕ್ಷೆಯ ಹಾಳೆ ತುಂಬಿರುತ್ತದೆ. ಕೆಂಪ್ (ಸೊಂಟವನ್ನು ಹಿಂದಕ್ಕೆ ಬಾಗಿಸಿ ತಿರುಗಿಸುವ ಟೆಸ್ಟ್) ಪಾಸಿಟಿವ್, ಎಸ್‌ಎಲ್‌ಆರ್ (ಮಲಗಿಸಿ ಕಾಲನ್ನು ನೆಟ್ಟಗೆ ಎತ್ತುವ ಟೆಸ್ಟ್) ಪಾಸಿಟಿವ್, ಫೇಬರ್ (ಕಾಲು ಮಡಚಿ ಹೊರಕ್ಕೆ ಅಗಲಿಸುವ ಟೆಸ್ಟ್) ಪಾಸಿಟಿವ್, ಅದರ ಕೆಳಗೆ ಇನ್ನೂ ಏಳೆಂಟು ಪಾಸಿಟಿವ್. ಕೊನೆಗೆ ನಿರ್ಣಯದ ಜಾಗದಲ್ಲಿ ಬರೆದಿರುವುದು "ಸೊಂಟ ನೋವು". ರೋಗಿ ಬಂದು ಹೇಳಿದ್ದೂ ಅದೇ ಮಾತು. ಅರ್ಧ ಗಂಟೆ ಪರೀಕ್ಷೆ ಮಾಡಿದ ಮೇಲೂ ಹೊಸದೇನೂ ತಿಳಿದಿಲ್ಲ.

ಕೈರೋಪ್ರಾಕ್ಟಿಕ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಮಾಡುವ ಚಿಕಿತ್ಸೆ) ಕಲಿಯುತ್ತಿರುವವರು, ಹೊಸದಾಗಿ ಪ್ರಾಕ್ಟೀಸ್ ಶುರು ಮಾಡಿದವರು ತೋರಿಸುವ ಹಾಳೆಗಳಲ್ಲಿ ಇದನ್ನೇ ಮತ್ತೆ ಮತ್ತೆ ನೋಡುತ್ತಿದ್ದೇನೆ. ಟೆಸ್ಟ್‌ಗಳ ಹೆಸರು ಎಲ್ಲರಿಗೂ ಬಾಯಿಪಾಠ. ಎಡವುತ್ತಿರುವುದು ಕ್ರಮದಲ್ಲಿ. ನೋವು ಕೆರಳಿಸುವ ಟೆಸ್ಟ್‌ಗಳನ್ನು ಮೊದಲೇ ಮಾಡಿಬಿಡುತ್ತಾರೆ, ನರಗಳ ಪರೀಕ್ಷೆಯನ್ನು ಕೊನೆಗೆ ಎರಡು ನಿಮಿಷದಲ್ಲಿ ಮುಗಿಸುತ್ತಾರೆ. ಅಷ್ಟು ಹೊತ್ತಿಗೆ ರೋಗಿ ನೋವಿನಿಂದ ಮೈ ಬಿಗಿ ಮಾಡಿಕೊಂಡಿರುತ್ತಾರೆ, ಪೂರ್ತಿ ಬಲ ಕೊಡಲು ಆಗುವುದಿಲ್ಲ, ರಿಫ್ಲೆಕ್ಸ್ (ಹ್ಯಾಮರ್ ತಟ್ಟಿದಾಗ ಸ್ನಾಯು ತಾನಾಗಿ ಮಿಡಿಯುವುದು) ಸರಿಯಾಗಿ ಸಿಗುವುದಿಲ್ಲ, ಎಲ್ಲಿ ಒತ್ತಿದರೂ "ನೋವು" ಅಂತಲೇ ಉತ್ತರ ಬರುತ್ತದೆ. ಮೊದಲು ಅಪಾಯ ಇದೆಯಾ ನೋಡಿ, ಆಮೇಲೆ ನರ, ಆಮೇಲೆ ನೋವು ಕೆರಳಿಸುವ ಟೆಸ್ಟ್. ಈ ಸಾಲನ್ನು ತಿರುವುಮುರುವು ಮಾಡಬೇಡಿ.

ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ರಿಫ್ಲೆಕ್ಸ್ ಹ್ಯಾಮರ್, 128 ಹರ್ಟ್ಜ್ ಟ್ಯೂನಿಂಗ್ ಫೋರ್ಕ್, ಹತ್ತಿ, ಒಬ್ಬರಿಗೆ ಒಂದರಂತೆ ಬಳಸಿ ಎಸೆಯುವ ಚೂಪು ಕಡ್ಡಿ, ಅಳತೆ ಟೇಪು, ಕೀಲು ಎಷ್ಟು ಡಿಗ್ರಿ ಬಾಗಿತು ಅಂತ ಅಳೆಯುವ ಇನ್‌ಕ್ಲಿನೋಮೀಟರ್ ಅಥವಾ ಗೋನಿಯೋಮೀಟರ್, ಬಿಪಿ ಯಂತ್ರ, ಸ್ಟೆತಸ್ಕೋಪ್, ಪುಟ್ಟ ಟಾರ್ಚ್. ಇಷ್ಟು ಸಾಕು.

ಹ್ಯಾಮರ್ ವಿಷಯದಲ್ಲಿ ಒಂದು ಮಾತು. ತೀರಾ ಹಗುರವಾದ ಚಿಕ್ಕ ಹ್ಯಾಮರ್ ಕೊಳ್ಳಬೇಡಿ. ತಲೆ ಭಾರವಾಗಿದ್ದು ಹಿಡಿ ಉದ್ದ ಇದ್ದರೆ ಅದರ ತೂಕವೇ ಕೆಲಸ ಮಾಡುತ್ತದೆ. ಹಗುರವಾದದ್ದರಲ್ಲಿ ನೀವು ಬಲ ಹಾಕಿ ಹೊಡೆಯಬೇಕಾಗುತ್ತದೆ, ಪ್ರತಿ ಏಟೂ ಬೇರೆ ಬೇರೆ ಆಗುತ್ತದೆ, ಆಗ ಎಡ-ಬಲ ಹೋಲಿಸುವುದಕ್ಕೆ ಅರ್ಥವೇ ಇರುವುದಿಲ್ಲ. ಟ್ಯೂನಿಂಗ್ ಫೋರ್ಕ್ ಕೊಳ್ಳುವಾಗಲೂ ಸಂಖ್ಯೆ ನೋಡಿ. 512 ಹರ್ಟ್ಜ್ ಇರುವುದು ಕಿವಿ ಪರೀಕ್ಷೆಗೆ, ಕಾಲಿನ ಕಂಪನ ನೋಡುವುದಕ್ಕಲ್ಲ.

ಹಂತ 1: ಮುಟ್ಟುವ ಮೊದಲು ಕೇಳಿ

ಮುಟ್ಟಬಾರದ ರೋಗಿಯನ್ನು ಗುರುತಿಸುವುದು ಮೊದಲ ಕೆಲಸ. ಸೊಂಟ ನೋವು ಅಂತ ಬಂದವರಿಗೆ ನೇರವಾಗಿ ಕೇಳಿ: ಮೂತ್ರ ಕಟ್ಟಿದೆಯಾ, ಗೊತ್ತಾಗದೆ ಹೋಗುತ್ತಿದೆಯಾ? ಮಲ ತಡೆಯಲು ಆಗುತ್ತಿದೆಯಾ? ಸೈಕಲ್ ಸೀಟು ತಾಗುವ ಜಾಗದಲ್ಲಿ ಜೋಮು ಹಿಡಿದಂತೆ ಆಗಿದೆಯಾ? ಎರಡೂ ಕಾಲಲ್ಲಿ ಸೆಳೆತವೋ ನಿಶ್ಶಕ್ತಿಯೋ ಇದೆಯಾ? ಲೈಂಗಿಕ ಕ್ರಿಯೆಯಲ್ಲಿ ಹೊಸದಾಗಿ ತೊಂದರೆ ಶುರುವಾಗಿದೆಯಾ? ಇವು ಕಾಡ ಇಕ್ವಿನ, ಅಂದರೆ ಬೆನ್ನುಹುರಿ ಮುಗಿದ ಮೇಲೆ ಕೆಳಗಿಳಿಯುವ ನರಗಳ ಗೊಂಚಲು ಒತ್ತಡಕ್ಕೆ ಸಿಕ್ಕ ಲಕ್ಷಣಗಳು. ಅನುಮಾನ ಬಂದರೆ ಅವತ್ತೇ ಎಮರ್ಜೆನ್ಸಿಗೆ ಕಳಿಸಬೇಕು. ಸಂಕೋಚ ಪಟ್ಟು "ಬೇರೆ ಏನಾದರೂ ತೊಂದರೆ ಇದೆಯಾ?" ಅಂತ ಕೇಳಿದರೆ ಯಾರೂ ಇದನ್ನು ಹೇಳುವುದಿಲ್ಲ. ಮೂತ್ರಕ್ಕೂ ಸೊಂಟಕ್ಕೂ ಸಂಬಂಧ ಇದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಹಿಂದೆ ಕ್ಯಾನ್ಸರ್ ಇತ್ತಾ, ಕಾರಣ ಇಲ್ಲದೆ ತೂಕ ಇಳಿದಿದೆಯಾ, ಜ್ವರ ಇದೆಯಾ, ತುಂಬಾ ದಿನ ಸ್ಟೀರಾಯ್ಡ್ ತೆಗೆದುಕೊಂಡಿದ್ದಾರಾ, ಬಿದ್ದಿದ್ದಾರಾ, ಹೇಗೆ ಮಲಗಿದರೂ ಕಡಿಮೆಯಾಗದ ರಾತ್ರಿ ನೋವು ಇದೆಯಾ ಅಂತಲೂ ಕೇಳಿ. ಒಂದೇ ಉತ್ತರಕ್ಕೆ ಗಾಬರಿ ಬೇಡ. ಎರಡು ಮೂರು ಒಟ್ಟಿಗೆ ಬಂದರೆ ಅಲ್ಲೇ ನಿಲ್ಲಿಸಿ. ವಯಸ್ಸಾದವರಲ್ಲಿ, ಅದರಲ್ಲೂ ಸಿಗರೇಟು ಸೇದುವ ಗಂಡಸರಲ್ಲಿ ಹೊಸ ಬೆನ್ನು ನೋವು ಬಂದರೆ ಹೊಟ್ಟೆ ಮುಟ್ಟಿ ನೋಡುವುದನ್ನು ಬಿಡಬೇಡಿ. ಹೊಟ್ಟೆಯಲ್ಲಿ ಹಾದುಹೋಗುವ ದೊಡ್ಡ ರಕ್ತನಾಳ, ಮಹಾಪಧಮನಿ, ಊದಿಕೊಂಡಿದ್ದರೂ ಬೆನ್ನು ನೋವು ಬರುತ್ತದೆ.

ಕತ್ತು ನೋವಿನವರಿಗೆ ಪ್ರಶ್ನೆಗಳು ಬೇರೆ. "ಇಂಥ ನೋವು ಹಿಂದೆ ಯಾವತ್ತಾದರೂ ಬಂದಿತ್ತಾ?" ಅಂತ ಕೇಳಿ. ದಿಢೀರ್ ಅಂತ ಶುರುವಾದ, ಹಿಂದೆಂದೂ ಬಾರದಂಥ ಕತ್ತು ನೋವು ಅಥವಾ ತಲೆನೋವು ಇದ್ದು, ಅದರ ಜೊತೆ ತಲೆಸುತ್ತು, ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟ, ಮುಖದಲ್ಲಿ ಜೋಮು, ನಡೆಯುವಾಗ ತೂರಾಡುವುದು ಇದ್ದರೆ ಕತ್ತಿನ ರಕ್ತನಾಳದ ಒಳಪದರ ಸೀಳಿರಬಹುದು. ಒಂದು ಕಣ್ಣಿನ ರೆಪ್ಪೆ ಇಳಿದಿದೆಯಾ, ಆ ಕಡೆಯ ಪಾಪೆ ಚಿಕ್ಕದಾಗಿದೆಯಾ ಟಾರ್ಚ್ ಹಾಕಿ ನೋಡಿ. ಬಿಪಿ ನೋಡಿ. ಕತ್ತು ತಿರುಗಿಸಬೇಡಿ, ಎಮರ್ಜೆನ್ಸಿಗೆ ಕಳಿಸಿ.

ಇಲ್ಲಿ ಒಂದು ಹಳೆಯ ಅಭ್ಯಾಸದ ಬಗ್ಗೆ ಹೇಳಲೇಬೇಕು. ಕತ್ತನ್ನು ಹಿಂದಕ್ಕೆ ಬಾಗಿಸಿ, ತಿರುಗಿಸಿ, ಹಾಗೇ ಹಿಡಿದು "ತಲೆ ಸುತ್ತುತ್ತಾ?" ಅಂತ ಕೇಳುವ ರಕ್ತನಾಳದ ಟೆಸ್ಟ್‌ಗಳನ್ನು ನಂಬಿ ಕೂರಬೇಡಿ. ಅದು ನೆಗೆಟಿವ್ ಬಂದರೆ ಅಡ್ಜಸ್ಟ್‌ಮೆಂಟ್ (ಕೀಲನ್ನು ಕೈಯಿಂದ ಥಟ್ಟನೆ ಒತ್ತಿ ಸರಿಸುವ ಚಿಕಿತ್ಸೆ) ಮಾಡಲು ಅಪಾಯ ಇಲ್ಲ ಅಂತ ಅರ್ಥ ಅಲ್ಲ. ಅನುಮಾನ ಇದ್ದವರಿಗೆ ಆ ಟೆಸ್ಟೇ ಅಪಾಯ.

ಏಟು ಬಿದ್ದ ಕತ್ತಾದರೆ ಕೆನಡಿಯನ್ ಸಿ-ಸ್ಪೈನ್ ನಿಯಮ ನೆನಪಿರಲಿ. ವಯಸ್ಸು 65 ಅಥವಾ ಜಾಸ್ತಿ, ಅಪಾಯಕಾರಿ ರೀತಿಯ ಏಟು, ಕೈಕಾಲಲ್ಲಿ ಜುಮುಜುಮು, ಈ ಮೂರರಲ್ಲಿ ಒಂದಿದ್ದರೂ ಮೊದಲು ಸ್ಕ್ಯಾನ್ ಅಥವಾ ಎಕ್ಸ್‌ರೇ, ಆಮೇಲೆ ಉಳಿದದ್ದು.

ಹಂತ 2: ನಿಂತಿರುವಾಗಲೇ ಮುಗಿಸಬೇಕಾದದ್ದು

ರೋಗಿಯನ್ನು ಏಳಿಸಿ, ಕೂರಿಸಿ, ಮಲಗಿಸಿ, ಮತ್ತೆ ಏಳಿಸಿ ಅಂತ ಸುಮ್ನೆ ಓಡಾಡಿಸಬೇಡಿ. ನಿಂತಾಗ ಮಾಡುವುದೆಲ್ಲ ಒಟ್ಟಿಗೆ, ಕೂತಾಗ ಮಾಡುವುದೆಲ್ಲ ಒಟ್ಟಿಗೆ. ಸೊಂಟ ಹಿಡಿದುಕೊಂಡವರಿಗೆ ಒಂದು ಸಲ ಮಗ್ಗುಲು ಬದಲಿಸುವುದೇ ದೊಡ್ಡ ಕೆಲಸ.

ನಡಿಗೆ ನೋಡಿ. ಹಿಮ್ಮಡಿ ಮೇಲೆ ನಡೆಸಿ, ಅದು ಎಲ್4-ಎಲ್5ರ ಬಲ ತೋರಿಸುತ್ತದೆ. (ಬೆನ್ನುಹುರಿಯಿಂದ ಹೊರಡುವ ನರದ ಬೇರುಗಳ ಹೆಸರು ಇವು: ಸಿ ಅಂದರೆ ಕತ್ತಿನದು, ಟಿ ಎದೆಯ ಮಟ್ಟದ್ದು, ಎಲ್ ಸೊಂಟದ್ದು, ಎಸ್ ಅದಕ್ಕೂ ಕೆಳಗಿನದು.) ತುದಿಗಾಲಲ್ಲಿ ನಡೆಸಿ, ಅದು ಎಸ್1. ಆಮೇಲೆ ಒಂದೇ ಕಾಲಲ್ಲಿ ನಿಂತು ಹಿಮ್ಮಡಿಯನ್ನು ಹತ್ತು ಸಲ ಎತ್ತಿಸಿ. ಇದನ್ನು ಬಿಟ್ಟವರೇ ಜಾಸ್ತಿ. ಮೀನಖಂಡದ ಸ್ನಾಯು ಎಷ್ಟು ಬಲಶಾಲಿ ಅಂದರೆ ಅದು ಅರ್ಧ ಸೋತಿದ್ದರೂ ನಿಮ್ಮ ಕೈಯನ್ನು ಸಲೀಸಾಗಿ ತಳ್ಳುತ್ತದೆ. ಮಲಗಿಸಿ ಕೈಯಿಂದ ತಡೆದು ನೋಡಿ "5ಕ್ಕೆ 5" ಅಂತ ಬರೆದವರ ರೋಗಿ, ಒಂಟಿ ಕಾಲಲ್ಲಿ ನಾಲ್ಕನೇ ಸಲಕ್ಕೇ ಹಿಮ್ಮಡಿ ಎತ್ತಲಾಗದೆ ಗೋಡೆ ಹಿಡಿದುಕೊಂಡದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಂದರ ಮುಂದೆ ಒಂದು ಹೆಜ್ಜೆ ಇಟ್ಟು ಗೆರೆ ಮೇಲೆ ನಡೆಸಿ. ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸಿ, ಪಕ್ಕದಲ್ಲೇ ಹಿಡಿಯಲು ನೀವು ನಿಂತಿರಿ. ಅದು ರಾಂಬರ್ಗ್. ಕಣ್ಣು ಬಿಟ್ಟಾಗ ಸರಿಯಾಗಿ ನಿಂತವರು ಮುಚ್ಚಿದ ಕೂಡಲೇ ವಾಲಿದರೆ ಬರೆದುಕೊಳ್ಳಿ.

ಹಂತ 3: ಚಲನೆ, ರೋಗಿಯದು ಮೊದಲು, ನಿಮ್ಮದು ಆಮೇಲೆ

ಮೊದಲು ರೋಗಿ ತಾವೇ ಬಾಗಲಿ, ತಿರುಗಲಿ. ಆಮೇಲೆ ನೀವು ಕೈ ಹಾಕಿ ತಿರುಗಿಸಿ. ಕೊನೆಗೆ ತಡೆ ಒಡ್ಡಿ. ತಾವೇ ಮಾಡುವಾಗ ಎಷ್ಟು ದೂರ ಹೋಗಬಹುದು ಅಂತ ಅವರ ದೇಹವೇ ತೋರಿಸುತ್ತದೆ. ಅದಕ್ಕಿಂತ ಮುಂದೆ ಹೋಗುವ ಮೊದಲು ನಿಮಗೆ ಅದು ಗೊತ್ತಿರಬೇಕು. ತಡೆ ಒಡ್ಡಿದಾಗ ಮಾತ್ರ ನೋವು ಬಂದರೆ ಸ್ನಾಯು ಅಥವಾ ಸ್ನಾಯುವಿನ ಹುರಿಯ ಕಡೆ ಯೋಚಿಸಿ. ರೋಗಿ ತಿರುಗಿಸಿದರೂ ನೀವು ತಿರುಗಿಸಿದರೂ ಒಂದೇ ಥರ ಸಿಕ್ಕಿಹಾಕಿಕೊಂಡರೆ ಕೀಲಿನ ಕಡೆ.

ಎಷ್ಟು ಡಿಗ್ರಿ ಅನ್ನುವುದಕ್ಕಿಂತ ನೋವು ಎಲ್ಲಿಗೆ ಹೋಯಿತು ಅನ್ನುವುದು ಮುಖ್ಯ. ಸೊಂಟದಿಂದ ಕಾಲಿಗೆ ಇಳಿದ ನೋವಿದ್ದರೆ ಒಂದೇ ದಿಕ್ಕಿನಲ್ಲಿ ಹಲವು ಸಲ ಬಾಗಿಸಿ ನೋಡಿ. ಕಾಲಿನ ನೋವು ಮೇಲಕ್ಕೆ ಸರಿದು ಸೊಂಟದಲ್ಲಿ ನಿಂತರೆ ಒಳ್ಳೆಯ ಸೂಚನೆ, ಸೊಂಟ ಸ್ವಲ್ಪ ಜಾಸ್ತಿ ನೋಯುತ್ತಿದ್ದರೂ ಸರಿಯೇ. ಕೆಳಕ್ಕೆ ಇಳಿಯುತ್ತಾ ಹೋದರೆ ಆ ದಿಕ್ಕಿನಲ್ಲಿ ಮುಂದುವರಿಸಬೇಡಿ.

ಹಂತ 4: ನರಗಳ ಪರೀಕ್ಷೆ

ಇದೇ ಇಡೀ ಪರೀಕ್ಷೆಯ ಬೆನ್ನೆಲುಬು. ನೋವು ಕೆರಳುವ ಮೊದಲು, ರೋಗಿ ಸಮಾಧಾನವಾಗಿ ಕೂತಿರುವಾಗ ಮಾಡಿ. ಬಲ, ಸ್ಪರ್ಶ, ರಿಫ್ಲೆಕ್ಸ್, ಬೆನ್ನುಹುರಿ ಒತ್ತಡಕ್ಕೆ ಸಿಕ್ಕಿದೆ ಅನ್ನುವ ಸೂಚನೆಗಳು, ಹೀಗೆ ನಾಲ್ಕು ಭಾಗ.

ಬಲ. ಕೈಯಲ್ಲಿ: ತೋಳು ಪಕ್ಕಕ್ಕೆ ಎತ್ತುವುದು ಸಿ5, ಮಣಿಕಟ್ಟು ಮೇಲೆತ್ತುವುದು ಸಿ6, ಮೊಣಕೈ ನೀಡುವುದು ಸಿ7, ಬೆರಳು ಮಡಚುವುದು ಸಿ8, ಬೆರಳು ಅಗಲಿಸುವುದು ಟಿ1. ಕಾಲಲ್ಲಿ: ತೊಡೆ ಎತ್ತುವುದು ಎಲ್2, ಮಂಡಿ ನೀಡುವುದು ಎಲ್3, ಪಾದ ಮೇಲೆತ್ತುವುದು ಎಲ್4, ಹೆಬ್ಬೆರಳು ಮೇಲೆತ್ತುವುದು ಎಲ್5, ಪಾದ ಕೆಳಗೆ ತಳ್ಳುವುದು ಎಸ್1. 0ಯಿಂದ 5ರವರೆಗೆ ಅಂಕ ಕೊಡಿ. ಗುರುತ್ವಕ್ಕೆ ಎದುರಾಗಿ ಎತ್ತಬಲ್ಲರು ಆದರೆ ಚೂರೂ ತಡೆ ತಾಳಲಾರರು ಅಂದರೆ 3.

ನೋವಿಗೆ ಬಿಟ್ಟುಕೊಟ್ಟದ್ದನ್ನೂ ನಿಜವಾದ ನಿಶ್ಶಕ್ತಿಯನ್ನೂ ಒಂದೇ ಅಂತ ಬರೆಯುವುದು ಇಲ್ಲಿಯ ದೊಡ್ಡ ತಪ್ಪು. ನೋವಿದ್ದರೆ ಮೊದಲು ಗಟ್ಟಿಯಾಗಿ ತಡೆದು ಆಮೇಲೆ ಜರ್ರನೆ ಬಿಟ್ಟುಬಿಡುತ್ತಾರೆ. ನರ ಸೋತಿದ್ದರೆ ಶುರುವಿನಿಂದಲೇ ಮೆತ್ತಗೆ, ಒಂದೇ ಸಮನೆ ಜಗ್ಗುತ್ತಾ ಬರುತ್ತದೆ. "ನೋವಿಗೆ ಬಿಟ್ಟಿರಾ, ಶಕ್ತಿ ಸಾಲದೆ ಬಿಟ್ಟಿರಾ?" ಅಂತ ಕೇಳಿ. ಬಹಳಷ್ಟು ಜನ ಸರಿಯಾಗಿ ಹೇಳುತ್ತಾರೆ.

ಪಾದ ಎತ್ತಲಾಗದವರು ಬಂದರೆ ಎಲ್5 ಬೇರಾ, ಮಂಡಿ ಪಕ್ಕದಲ್ಲಿ ಹಾದುಹೋಗುವ ಪೆರೋನಿಯಲ್ ನರವಾ ಅನ್ನುವ ಪ್ರಶ್ನೆ ಬರುತ್ತದೆ. ಪಾದವನ್ನು ಒಳಕ್ಕೆ ತಿರುಗಿಸಿ ತಡೆಯಲು ಹೇಳಿ. ಮಗ್ಗುಲಲ್ಲಿ ಮಲಗಿಸಿ ಕಾಲನ್ನು ಮೇಲಕ್ಕೆ ಎತ್ತಿಸಿ. ಈ ಎರಡೂ ಸೋತಿದ್ದರೆ ಎಲ್5. ಎರಡೂ ಗಟ್ಟಿಯಿದ್ದರೆ ಪೆರೋನಿಯಲ್ ನರ. ಒಂದು ನಿಮಿಷದ ಕೆಲಸ, ಆದರೆ ಸೊಂಟಕ್ಕೆ ಚಿಕಿತ್ಸೆ ಬೇಕಾ ಮಂಡಿಗೆ ಬೇಕಾ ಅನ್ನುವುದೇ ಇದರಿಂದ ಬದಲಾಗುತ್ತದೆ.

ಸ್ಪರ್ಶ. ರೋಗಿ ಕಣ್ಣು ಮುಚ್ಚಲಿ. ಚೂಪು ಕಡ್ಡಿ ಹೇಗಿರುತ್ತದೆ ಅಂತ ಮೊದಲು ಹಣೆಗೋ ಎದೆಗೋ ತಾಗಿಸಿ ತೋರಿಸಿ. "ಇಲ್ಲಿ ಜೋಮು ಇದೆಯಾ?" ಅಂತ ಕೇಳಬೇಡಿ, ಹಾಗೆ ಕೇಳಿದರೆ ಉತ್ತರವನ್ನು ನೀವೇ ಬಾಯಿಗೆ ಕೊಟ್ಟಂತೆ. ಎಡ, ಬಲ ಎರಡೂ ಮುಟ್ಟಿ "ಒಂದೇ ಥರ ಇದೆಯಾ, ಬೇರೆಯಾ?" ಅಂತ ಕೇಳಿ. ಹೆಬ್ಬೆರಳು ಸಿ6, ನಡು ಬೆರಳು ಸಿ7, ಕಿರುಬೆರಳು ಸಿ8. ಕಾಲಿನ ಒಳಬದಿ ಎಲ್4, ಪಾದದ ಮೇಲ್ಭಾಗ ಎಲ್5, ಪಾದದ ಹೊರ ಅಂಚು ಎಸ್1. ಜೋಮು ಇರುವ ಜಾಗದಿಂದ ಸರಿಯಿರುವ ಕಡೆಗೆ ಸರಿಯುತ್ತಾ ಗಡಿ ಗುರುತಿಸಿ, ಅದರ ಚಿತ್ರ ಬಿಡಿಸಿಕೊಳ್ಳಿ.

ಉಂಗುರ ಬೆರಳನ್ನು ವಿಶೇಷವಾಗಿ ನೋಡಿ. ಅದರ ಒಂದು ಅರ್ಧ ಜೋಮು, ಇನ್ನೊಂದು ಅರ್ಧ ಸರಿ ಅಂತ ನಡುಗೆರೆಯಲ್ಲೇ ಒಡೆದರೆ ತೊಂದರೆ ಕತ್ತಿನಲ್ಲಿರುವುದು ಕಡಿಮೆ. ಮಣಿಕಟ್ಟಿನ ಮೀಡಿಯನ್ ನರ ಅಥವಾ ಮೊಣಕೈಯ ಅಲ್ನರ್ ನರ ನೋಡಿ. ಎರಡೂ ಕಾಲಲ್ಲಿ ಸಾಕ್ಸ್ ಹಾಕಿದಷ್ಟೇ ಜಾಗ ಜೋಮು ಅಂದರೆ ಸಕ್ಕರೆ ಕಾಯಿಲೆಯಂಥ ಕಾರಣ ಇರಬಹುದು, ಕಾಲಿನ ಹೆಬ್ಬೆರಳ ಮೂಳೆ ಮೇಲೆ ಟ್ಯೂನಿಂಗ್ ಫೋರ್ಕ್ ಇಡಿ.

ರಿಫ್ಲೆಕ್ಸ್. ಬೈಸೆಪ್ಸ್ ಸಿ5-ಸಿ6, ಬ್ರೇಕಿಯೋರೇಡಿಯಾಲಿಸ್ ಸಿ6, ಟ್ರೈಸೆಪ್ಸ್ ಸಿ7, ಮಂಡಿ ಎಲ್3-ಎಲ್4, ಹಿಮ್ಮಡಿ ಎಸ್1. ಹಿಮ್ಮಡಿಯದು ಎಲ್ಲರಿಗೂ ಕೈಕೊಡುತ್ತದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ರೋಗಿ ಟೇಬಲ್ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಲಿ. ನಿಮ್ಮ ಎಡ ಅಂಗೈಯನ್ನು ಅವರ ಪಾದದ ಮುಂಭಾಗದ ಅಡಿಗೆ ಇಟ್ಟು ಪಾದವನ್ನು ತುಸುವೇ ಮೇಲಕ್ಕೆತ್ತಿ, ಹಿಮ್ಮಡಿಯ ಹುರಿ ಸ್ವಲ್ಪ ಎಳೆದುಕೊಂಡಂತೆ ಆಗಬೇಕು. ಪಾದದ ಪೂರ್ತಿ ಭಾರ ನಿಮ್ಮ ಅಂಗೈ ಮೇಲೆ ಬಿದ್ದಿದೆಯಾ ನೋಡಿ, ಬಿದ್ದಿಲ್ಲ ಅಂದರೆ ಅವರಿನ್ನೂ ಕಾಲನ್ನು ಬಿಗಿ ಹಿಡಿದಿದ್ದಾರೆ. ಮಣಿಕಟ್ಟು ಸಡಿಲ ಬಿಟ್ಟು ಹ್ಯಾಮರ್ ತಾನಾಗಿ ಬೀಳಲಿ. ಕಣ್ಣಿಗೆ ಕಾಣುವ ಮೊದಲೇ ಅಂಗೈಗೆ ಆ ಪುಟ್ಟ ಒತ್ತು ತಿಳಿಯುತ್ತದೆ. ಸಿಗದಿದ್ದರೆ ಎರಡೂ ಕೈ ಬೆರಳು ಕೊಕ್ಕೆ ಹಾಕಿ ಎಳೆಯಲು ಹೇಳಿ, ಎಳೆಯುತ್ತಿರುವ ಕ್ಷಣದಲ್ಲೇ ಹೊಡೆಯಿರಿ. ಇದು ಜೆಂಡ್ರಾಸಿಕ್ ವಿಧಾನ. ಇದನ್ನು ಮಾಡದೆ "ರಿಫ್ಲೆಕ್ಸ್ ಇಲ್ಲ" ಅಂತ ಬರೆಯಬೇಡಿ.

ವಯಸ್ಸಾದವರಲ್ಲಿ ಎರಡೂ ಹಿಮ್ಮಡಿಯ ರಿಫ್ಲೆಕ್ಸ್ ಮಂಕಾಗಿರಬಹುದು. ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಅದು ಮುಖ್ಯ.

ಬೆನ್ನುಹುರಿಯ ಸೂಚನೆಗಳು. ಹಾಫ್‌ಮನ್: ನಡು ಬೆರಳನ್ನು ಸಡಿಲವಾಗಿ ಹಿಡಿದು ಅದರ ಉಗುರನ್ನು ಕೆಳಮುಖವಾಗಿ ಚಿಟುಕಿಸಿ, ಹೆಬ್ಬೆರಳು ಮಡಚಿದರೆ ಪಾಸಿಟಿವ್. ಬಬಿನ್‌ಸ್ಕಿ: ಅಂಗಾಲಿನ ಹೊರ ಅಂಚಿನಲ್ಲಿ ಹಿಮ್ಮಡಿಯಿಂದ ಮೇಲಕ್ಕೆ ಗೀರುತ್ತಾ ಬೆರಳುಗಳ ಬುಡದಲ್ಲಿ ಒಳಕ್ಕೆ ತಿರುಗಿಸಿ, ಹೆಬ್ಬೆರಳು ಮೇಲೆದ್ದರೆ ಪಾಸಿಟಿವ್. ಕ್ಲೋನಸ್: ಮಂಡಿ ಸ್ವಲ್ಪ ಮಡಚಿ ಪಾದವನ್ನು ಥಟ್ಟನೆ ಮೇಲಕ್ಕೆ ತಳ್ಳಿ ಹಿಡಿಯಿರಿ, ಬಡಿತ ನಿಲ್ಲದೆ ಮುಂದುವರಿದರೆ ಪಾಸಿಟಿವ್. 10 ಸೆಕೆಂಡಿನಲ್ಲಿ ಮುಷ್ಟಿಯನ್ನು ಎಷ್ಟು ಸಲ ಮಡಚಿ ಬಿಚ್ಚುತ್ತಾರೆ ಎಣಿಸಿ. 20ಕ್ಕಿಂತ ಕಡಿಮೆ ಇದ್ದರೆ ಕತ್ತಿನಲ್ಲಿ ಬೆನ್ನುಹುರಿ ಒತ್ತಡದಲ್ಲಿದೆಯಾ ಅಂತ ಯೋಚಿಸಬೇಕು.

ಇದನ್ನು ಎಲ್ಲ ಕತ್ತು ನೋವಿನವರಿಗೂ ಮಾಡಿ, ಕಾಲಿನ ರಿಫ್ಲೆಕ್ಸ್ ಸಮೇತ. ನಾನು ಇದನ್ನು ಕಲಿತದ್ದು ವಯಸ್ಸಾದ ಒಬ್ಬ ರೋಗಿಯಿಂದ. ಭುಜ ನೋವು ಅಂತ ಬಂದಿದ್ದರು. ನಾನು ಭುಜ, ಕತ್ತು, ಕೈ ಎಲ್ಲ ನೋಡಿದೆ, ಕಾಲಿನ ಕಡೆ ಹೋಗಲೇ ಇಲ್ಲ. ಪರೀಕ್ಷೆ ಮುಗಿದ ಮೇಲೆ ಅವರು ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದರು. ಎರಡನೇ ಗುಂಡಿ ಕಾಜಕ್ಕೆ ಸೇರುತ್ತಲೇ ಇಲ್ಲ, ಬೆರಳು ಜಾರುತ್ತಿದೆ. "ಈಚೆಗೆ ಹೀಗೇ ಆಗುತ್ತೆ, ವಯಸ್ಸಾಯ್ತಲ್ಲ" ಅಂದರು. ವಾಪಸ್ ಕೂರಿಸಿ ಮಂಡಿಗೆ ಹ್ಯಾಮರ್ ಮುಟ್ಟಿಸಿದೆ, ಕಾಲು ಅತಿಯಾಗಿ ಚಿಮ್ಮಿತು. ಹಾಫ್‌ಮನ್ ಎರಡೂ ಕೈಯಲ್ಲಿ ಪಾಸಿಟಿವ್. ಅವತ್ತು ಕತ್ತಿಗೆ ಕೈ ಹಾಕದೆ ನೇರ ಸ್ಪೆಷಲಿಸ್ಟ್ ಬಳಿ ಕಳಿಸಿದೆ. ಆ ಗುಂಡಿಯನ್ನು ನಾನು ನೋಡದೇ ಹೋಗಿದ್ದರೆ ಕತ್ತಿಗೆ ಅಡ್ಜಸ್ಟ್‌ಮೆಂಟ್ ಮಾಡಿಬಿಡುತ್ತಿದ್ದೆ. ಆವತ್ತಿನಿಂದ ಕೈ ನೋವು ಅಂತ ಬಂದರೂ ಕಾಲಿಗೆ ಹ್ಯಾಮರ್ ಹಾಕದೆ ಬಿಟ್ಟಿಲ್ಲ.

ಹಂತ 5: ಕೈಯಿಂದ ಮುಟ್ಟಿ ನೋಡುವುದು

ಇದರಲ್ಲಿ ಕೈರೋಪ್ರಾಕ್ಟಿಕ್‌ನವರಿಗೆ ಅಭ್ಯಾಸ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಎರಡೇ ಮಾತು. ನೋವಿಲ್ಲದ ಕಡೆಯಿಂದ ಶುರು ಮಾಡಿ. ಬೆನ್ನುಮೂಳೆಯ ಒಂದೇ ಮಣಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದಾಗ ತೀವ್ರ ನೋವು ಬಂದರೆ, ಅದರಲ್ಲೂ ವಯಸ್ಸಾದವರಲ್ಲಿ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ, ಮೂಳೆ ಮುರಿತ ಇಲ್ಲ ಅಂತ ಖಚಿತವಾಗುವವರೆಗೆ ಮುಂದಕ್ಕೆ ಹೋಗಬೇಡಿ.

ನಡೆದರೆ ಕಾಲು ನೋವು, ನಿಂತರೆ ಕಡಿಮೆ ಅನ್ನುವವರ ಪಾದದ ನಾಡಿಗಳನ್ನೂ ಮುಟ್ಟಿ. ಸುಮ್ನೆ ನಿಂತರೆ ಸಾಕು ನೋವು ಇಳಿಯುತ್ತದೆ ಅಂದರೆ ರಕ್ತನಾಳದ ತೊಂದರೆ ಇರಬಹುದು. ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು, ಆಗ ಮಾತ್ರ ಇಳಿಯುತ್ತದೆ ಅಂದರೆ ಬೆನ್ನುಮೂಳೆಯೊಳಗೆ ನರಗಳು ಹಾಯುವ ನಾಳ ಕಿರಿದಾಗಿರಬಹುದು.

ಹಂತ 6: ನೋವು ಕೆರಳಿಸುವ ಟೆಸ್ಟ್‌ಗಳು

ಇಲ್ಲಿಗೆ ಬರುವ ಹೊತ್ತಿಗೆ ನಿಮ್ಮ ತಲೆಯಲ್ಲಿ ಎರಡು, ಹೆಚ್ಚೆಂದರೆ ಮೂರು ಅನುಮಾನ ಇರಬೇಕು. ಅವನ್ನು ಬೇರೆ ಮಾಡುವ ಟೆಸ್ಟ್ ಮಾತ್ರ ಮಾಡಿ. ಗೊತ್ತಿರುವ ಟೆಸ್ಟ್‌ಗಳನ್ನೆಲ್ಲ ಮಾಡುತ್ತಾ ಹೋದರೆ ಯಾವುದೋ ಒಂದು ಪಾಸಿಟಿವ್ ಬಂದೇ ಬರುತ್ತದೆ.

ರೋಗಿ ಹೇಳಿಕೊಂಡು ಬಂದ ಅದೇ ನೋವು ಬಂದರೆ ಮಾತ್ರ ಪಾಸಿಟಿವ್. "ನೋವಾಯ್ತಾ?" ಅಂತ ಕೇಳುವುದನ್ನು ನಿಲ್ಲಿಸಿ. "ಏನಾಯ್ತು? ಎಲ್ಲಿ? ನೀವು ಹೇಳುತ್ತಿದ್ದ ನೋವು ಇದೇನಾ?" ಈ ಮೂರು ಪ್ರಶ್ನೆ ಕೇಳಿ.

ಸೊಂಟ ಮತ್ತು ಕಾಲು. ಎಸ್‌ಎಲ್‌ಆರ್ ಅಷ್ಟು ಸುಲಭ ಅನಿಸುವುದರಿಂದಲೇ ಜಾಸ್ತಿ ಕೆಡುತ್ತದೆ. ಅಂಗಾತ ಮಲಗಿಸಿ, ನೋವಿಲ್ಲದ ಕಾಲನ್ನು ಮೊದಲು ಎತ್ತಿ. ಒಂದು ಕೈ ಹಿಮ್ಮಡಿ ಕೆಳಗೆ, ಇನ್ನೊಂದು ಮಂಡಿ ಮೇಲೆ, ಮಂಡಿ ಮಡಚಲೇಬಾರದು. ನಿಧಾನವಾಗಿ ಎತ್ತಿ, ಮೊದಲ ಸಲ ಏನಾದರೂ ಅನಿಸಿದ ಕಡೆ ನಿಲ್ಲಿಸಿ, ಡಿಗ್ರಿ ಬರೆದುಕೊಳ್ಳಿ. ಸರಿಸುಮಾರು 30ರಿಂದ 70 ಡಿಗ್ರಿಯ ನಡುವೆ ಮಂಡಿಯ ಕೆಳಗಿನವರೆಗೆ ಸೆಳೆದರೆ ಪಾಸಿಟಿವ್. ತೊಡೆಯ ಹಿಂದೆ ಎಳೆದಂತಾದರೆ ಅದು ಅಲ್ಲಿಯ ಸ್ನಾಯು, ಹ್ಯಾಮ್‌ಸ್ಟ್ರಿಂಗ್. ಬರೀ ಸೊಂಟ ನೋಯ್ದರೆ ಅದನ್ನು ನರದ ಲೆಕ್ಕಕ್ಕೆ ಹಾಕಬೇಡಿ. ಅನುಮಾನ ಇದ್ದರೆ ನೋವು ಹೋಗುವಷ್ಟು ಮಾತ್ರ ಕಾಲನ್ನು ಇಳಿಸಿ, ಅಲ್ಲೇ ಹಿಡಿದು ಪಾದವನ್ನು ಮೇಲಕ್ಕೆ ಮಡಚಿ. ಹ್ಯಾಮ್‌ಸ್ಟ್ರಿಂಗ್ ಸಡಿಲವಾಗಿದ್ದರೂ ಸೆಳೆತ ವಾಪಸ್ ಬಂದರೆ ಅದು ನರದ್ದೇ. ಇದು ಬ್ರಾಗಾರ್ಡ್. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿನ ಕಾಲಿಗೆ ಸೆಳೆದರೆ ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ) ನರ ಒತ್ತುತ್ತಿದೆ ಅನ್ನುವ ಅನುಮಾನ ಬಲವಾಗುತ್ತದೆ.

ತೊಡೆಯ ಮುಂಭಾಗಕ್ಕೆ ಇಳಿಯುವ ನೋವಿಗೆ ಎಸ್‌ಎಲ್‌ಆರ್ ಉತ್ತರ ಕೊಡುವುದಿಲ್ಲ. ಬೋರಲು ಮಲಗಿಸಿ ಮಂಡಿ ಮಡಚಿ, ಅದು ಎಲ್2ರಿಂದ ಎಲ್4ರ ಬೇರುಗಳನ್ನು ಎಳೆಯುತ್ತದೆ. ಕೆಂಪ್ ಟೆಸ್ಟ್ ಒಂದನ್ನೇ ಹಿಡಿದುಕೊಂಡು "ಫೆಸೆಟ್ ಕೀಲು" (ಬೆನ್ನುಮೂಳೆಯ ಮಣಿಗಳ ಹಿಂಬದಿಯ ಪುಟ್ಟ ಕೀಲು) ಅಂತ ಬರೆಯಬೇಡಿ, ಅಷ್ಟು ಖಚಿತವಾಗಿ ಹೇಳುವ ಶಕ್ತಿ ಅದಕ್ಕಿಲ್ಲ.

ಸ್ಯಾಕ್ರೋಇಲಿಯಾಕ್ ಕೀಲಿಗೂ (ಬೆನ್ನುಮೂಳೆಯ ಬುಡದ ಸ್ಯಾಕ್ರಮ್ ಮೂಳೆ ಸೊಂಟದ ಮೂಳೆಗೆ ಸೇರುವ ಜಾಗ) ಒಂದೇ ಟೆಸ್ಟ್ ಸಾಲದು. ಡಿಸ್ಟ್ರಾಕ್ಷನ್, ಕಂಪ್ರೆಷನ್, ತೊಡೆ ಒತ್ತುವ ಟೆಸ್ಟ್, ಸ್ಯಾಕ್ರಮ್ ಒತ್ತುವ ಟೆಸ್ಟ್, ಗೇನ್ಸ್ಲೆನ್ ಇವುಗಳಲ್ಲಿ ಮೂರಾದರೂ ಅದೇ ನೋವನ್ನು ತಂದರೆ ಆ ಕೀಲಿನ ಬಗ್ಗೆ ಮಾತಾಡಬಹುದು. ಫೇಬರ್‌ನಲ್ಲಿ ನೋವು ಎಲ್ಲಿ ಅಂತ ಬೆರಳಿಟ್ಟು ತೋರಿಸಲು ಹೇಳಿ. ತೊಡೆಸಂದಿನಲ್ಲಿ ಅಂದರೆ ಹಿಪ್ ಕೀಲು, ಹಿಂದೆ ಅಂದರೆ ಸ್ಯಾಕ್ರೋಇಲಿಯಾಕ್ ಕಡೆ. ಸುಮ್ನೆ "ಫೇಬರ್ ಪಾಸಿಟಿವ್" ಅಂತ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ.

ಕತ್ತು ಮತ್ತು ಕೈ. ಸ್ಪರ್ಲಿಂಗ್ (ಕತ್ತಿನಲ್ಲಿ ನರದ ಬೇರು ಒತ್ತಡದಲ್ಲಿದೆಯಾ ನೋಡುವ ಟೆಸ್ಟ್) ಮಾಡುವಾಗ ಒಂದೇ ಸಲಕ್ಕೆ ತಲೆ ಒತ್ತಬೇಡಿ. ಮೊದಲು ಪಕ್ಕಕ್ಕೆ ಬಾಗಿಸಿ ಕೇಳಿ, ಆಮೇಲೆ ಸ್ವಲ್ಪ ಹಿಂದಕ್ಕೆ, ಆಮೇಲೆ ಮಾತ್ರ ಮೆಲ್ಲಗೆ ಒತ್ತು. ಯಾವ ಹಂತದಲ್ಲಿ ತೋಳಿಗೆ ಸೆಳೆಯಿತೋ ಅಲ್ಲಿಗೆ ಮುಗಿಯಿತು. ಬರೀ ಕತ್ತು ನೋಯ್ದರೆ ಪಾಸಿಟಿವ್ ಅಲ್ಲ. ಮುರಿತದ ಅನುಮಾನ, ಹಂತ 4ರಲ್ಲಿ ಬೆನ್ನುಹುರಿಯ ಸೂಚನೆ, ರುಮಟಾಯ್ಡ್ ಸಂಧಿವಾತದಿಂದ ಕತ್ತಿನ ಮೇಲ್ಭಾಗ ಸಡಿಲವಾಗಿರುವ ಸಾಧ್ಯತೆ, ಇವುಗಳಲ್ಲಿ ಒಂದಿದ್ದರೂ ಸ್ಪರ್ಲಿಂಗ್ ಬೇಡವೇ ಬೇಡ.

ತೋಳಿನ ನರ ಎಳೆಯುವ ಟೆಸ್ಟ್ ನೆಗೆಟಿವ್ ಬಂದರೆ ನರದ ಬೇರಿನ ತೊಂದರೆ ಇರುವ ಸಾಧ್ಯತೆ ತುಂಬಾ ಕಡಿಮೆ. ಆ ಟೆಸ್ಟ್, ಸ್ಪರ್ಲಿಂಗ್, ಕತ್ತು ಮೇಲಕ್ಕೆ ಎಳೆದಾಗ ನೋವು ಇಳಿಯುವುದು, ನೋವಿನ ಕಡೆಗೆ 60 ಡಿಗ್ರಿಗಿಂತ ಕಡಿಮೆ ತಿರುಗುವುದು, ನಾಲ್ಕೂ ಸೇರಿ ಬಂದರೆ ಬೇರು ಒತ್ತಡದಲ್ಲಿದೆ ಅಂತ ಧೈರ್ಯವಾಗಿ ಬರೆಯಬಹುದು. ಕೈಯನ್ನು ತಲೆ ಮೇಲೆ ಇಟ್ಟುಕೊಂಡರೆ ಆರಾಮ ಅಂತ ರೋಗಿ ತಾವಾಗಿ ಹೇಳಿದರೆ ಅದನ್ನೂ ಬರೆದುಕೊಳ್ಳಿ.

ಉಳಿದ ಕೀಲುಗಳು. ಮಂಡಿಯ ಮುಂದಿನ ಲಿಗಮೆಂಟಿಗೆ ಲ್ಯಾಕ್‌ಮನ್ ಮಾಡಿ, ಮಂಡಿ 20-30 ಡಿಗ್ರಿ ಮಡಚಿರಲಿ. 90 ಡಿಗ್ರಿ ಮಡಚಿ ಎಳೆಯುವ ಡ್ರಾಯರ್ ಟೆಸ್ಟ್‌ಗಿಂತ ಇದು ಹೆಚ್ಚು ನಂಬಿಕೆಗೆ ಅರ್ಹ. ಪಾದ ಉಳುಕಿದವರಲ್ಲಿ ಯಾವ ಟೆಸ್ಟಿಗೂ ಮೊದಲು ಒಟ್ಟಾವಾ ನಿಯಮ: ಹರಡಿನ ಮೂಳೆಯ ಹಿಂದಿನ ಅಂಚಿನಲ್ಲಿ ಕೆಳಗಿನ 6 ಸೆಂ.ಮೀ. ಒತ್ತಿದರೆ ನೋವಾ, ನಾಲ್ಕು ಹೆಜ್ಜೆ ಹಾಕಲು ಆಗುತ್ತಾ ನೋಡಿ. ಒತ್ತಿದರೆ ನೋವಿದ್ದರೂ, ಹೆಜ್ಜೆ ಹಾಕಲು ಆಗದಿದ್ದರೂ ಎಕ್ಸ್‌ರೇ.

ಹಂತ 7: ಬರೆಯುವುದು, ತೀರ್ಮಾನಿಸುವುದು

"ಎಸ್‌ಎಲ್‌ಆರ್ ಪಾಸಿಟಿವ್" ಅಂತ ಬರೆಯಬೇಡಿ. "ಬಲ ಎಸ್‌ಎಲ್‌ಆರ್ 45 ಡಿಗ್ರಿಯಲ್ಲಿ ಮೀನಖಂಡದವರೆಗೆ ಸೆಳೆತ, ರೋಗಿ ಹೇಳಿದ್ದೇ ನೋವು, ಬ್ರಾಗಾರ್ಡ್‌ನಲ್ಲಿ ಮತ್ತೆ ಬಂತು. ಎಡ 80 ಡಿಗ್ರಿ, ತೊಂದರೆ ಇಲ್ಲ." ಹೀಗೆ ಬರೆಯಿರಿ. ಎರಡು ವಾರದ ನಂತರ ಬೇರೆಯವರು ಓದಿದರೂ ಅರ್ಥವಾಗುತ್ತದೆ. ಮಾಡದ ಟೆಸ್ಟ್‌ನ ಜಾಗ ಖಾಲಿ ಬಿಡದೆ "ಮಾಡಿಲ್ಲ, ಇಂಥ ಕಾರಣಕ್ಕೆ" ಅಂತ ಬರೆಯಿರಿ.

ಆಮೇಲೆ ಬಲ, ಸ್ಪರ್ಶ, ರಿಫ್ಲೆಕ್ಸ್ ಮೂರೂ ಒಂದೇ ಬೇರಿನ ಕಡೆ ಬೆರಳು ತೋರಿಸುತ್ತವಾ ನೋಡಿ. ಹೆಬ್ಬೆರಳ ಬಲ ಕಡಿಮೆ, ಪಾದದ ಮೇಲ್ಭಾಗ ಜೋಮು ಇದ್ದರೆ ಎಲ್5ಗೆ ಹೊಂದುತ್ತದೆ. ಎಲ್5ಗೆ ನಂಬಬಹುದಾದ ಸುಲಭದ ರಿಫ್ಲೆಕ್ಸ್ ಇಲ್ಲ, ಹಾಗಾಗಿ ರಿಫ್ಲೆಕ್ಸ್‌ಗಳೆಲ್ಲ ಸರಿಯಿದ್ದರೂ ಎಲ್5 ಸೋತಿರಬಹುದು. ಸ್ಕ್ಯಾನ್‌ನಲ್ಲಿ ಡಿಸ್ಕ್ ಉಬ್ಬಿದೆ ಅಂತ ಇದ್ದು ನಿಮ್ಮ ಪರೀಕ್ಷೆ ಬೇರೆ ಕಡೆ ತೋರಿಸಿದರೆ ಸ್ಕ್ಯಾನಿಗೆ ತಕ್ಕಂತೆ ಹಾಳೆ ತಿದ್ದಬೇಡಿ. ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಡಿಸ್ಕ್ ಉಬ್ಬಿರುವುದು ಮಾಮೂಲಿ.

ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ, ಪಾದ ಎತ್ತಲು ಆಗದಿದ್ದರೆ, ಬೆನ್ನುಹುರಿಯ ಸೂಚನೆ ಇದ್ದರೆ, ಅಡ್ಜಸ್ಟ್‌ಮೆಂಟ್ ಮಾಡದೆ ಕಳಿಸಿ. ಚೀಟಿಯಲ್ಲಿ ನೀವು ಕಂಡದ್ದನ್ನು ಅಂಕಿಗಳ ಸಮೇತ ಬರೆಯಿರಿ. "ದಯವಿಟ್ಟು ನೋಡಿ" ಅಂತಷ್ಟೇ ಬರೆದ ಚೀಟಿಯಿಂದ ಮುಂದಿನ ಡಾಕ್ಟರಿಗೆ ಎಷ್ಟು ತುರ್ತು ಅಂತ ತಿಳಿಯುವುದೇ ಇಲ್ಲ.

ಹಂತ 8: ಮತ್ತೆ ನೋಡುವುದು

ನರದ ಲಕ್ಷಣ ಇದ್ದವರಿಗೆ ಪ್ರತಿ ಭೇಟಿಯಲ್ಲೂ ಚಿಕಿತ್ಸೆಗೆ ಮೊದಲು ಮೂರು ನಿಮಿಷ: ಸೋತಿದ್ದ ಸ್ನಾಯು, ಜೋಮಿದ್ದ ಜಾಗ, ಮಂಕಾಗಿದ್ದ ರಿಫ್ಲೆಕ್ಸ್. ಮೂತ್ರದ ಪ್ರಶ್ನೆಯನ್ನೂ ಮತ್ತೆ ಕೇಳಿ, ಹೋದ ವಾರ "ಇಲ್ಲ" ಅಂದದ್ದು ಈ ವಾರವೂ "ಇಲ್ಲ" ಅಂತಲೇ ಇರಬೇಕಿಲ್ಲ. ಅದೇ ಟೇಬಲ್, ಅದೇ ಭಂಗಿ, ಅದೇ ಹ್ಯಾಮರ್ ಇರಲಿ.

ನೋವು ಪೂರ್ತಿ ಹೋಯಿತು ಅಂತ ಖುಷಿಯಿಂದ ಬಂದವರನ್ನೂ ಹಾಗೇ ಕಳಿಸಬೇಡಿ. ಸೆಳೆತ ನಿಂತು ಜೋಮು, ನಿಶ್ಶಕ್ತಿ ಜಾಸ್ತಿಯಾಗಿದ್ದರೆ ನರ ಇನ್ನಷ್ಟು ಸೋಲುತ್ತಿದೆ ಅಂತ. ಅವರನ್ನು ಒಂಟಿ ಕಾಲಲ್ಲಿ ನಿಲ್ಲಿಸಿ, ಹಿಮ್ಮಡಿ ಎತ್ತುವುದನ್ನು ಹತ್ತರವರೆಗೆ ಎಣಿಸಿ.